ಬೀಗದ ಬಾಗಿಲಲ್ಲಿ ನಿಲ್ಲಿಸಿ ಬಂದ ಕಥೆ

೧೯೪೩ನೆಯ ಇಸವಿಯ ಬೇಸಿಗೆ ರಜೆ. ಆಗ ನಾನು ಮಾಲೂರಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದೆ. ವಯಸ್ಸು ನಲವತ್ತೆರಡು, ಚಿಂತೆ ಅರವತ್ತರದು. ಮನೆಗೆ ಬೀಗ ಹಾಕಿ ಹೊರಟರೆ ಬೀದಿಯ ತುದಿಯಿಂದ ಒಮ್ಮೆ, ರೈಲು ಸ್ಟೇಷನ್ನಿನಿಂದ ಇನ್ನೊಮ್ಮೆ ವಾಪಸು ಬಂದು ಬೀಗ ಎಳೆದು ನೋಡುವ ಜಾತಿ ನನ್ನದು. ತಂತಿಯವನು ಪಕ್ಕದ ಬೀದಿಗೆ ಬಂದರೂ ನನಗೆ ಬೆವರು ಕಿತ್ತುಕೊಳ್ಳುತ್ತಿತ್ತು. ಇಂಥವನ ಕೈಗೆ ಆ ಪುಸ್ತಕ ಸಿಗಬಾರದಿತ್ತು. ಸಿಕ್ಕಿತು.

ಕೊಟ್ಟವರು ಕೋಲಾರದ ಬಾಷಾ ಸಾಹೇಬರು. ಶಾಲೆಯ ರಿಜಿಸ್ಟರುಗಳಿಗೆ ಬೈಂಡು ಹಾಕಿಕೊಡುತ್ತಿದ್ದ ಮುದುಕರು. ರಜೆಗೆ ಮುಂಚೆ ರಿಜಿಸ್ಟರು ತರಲು ಹೋದಾಗ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನು ಮೇಲಿಟ್ಟು ಕೊಟ್ಟರು.

"ಗಣಿ ಕಡೆ ದೊರೆ ಒಬ್ರು ಊರಿಗೆ ಹೊಂಟೋದ್ರು ಮೇಷ್ಟ್ರೇ, ರದ್ದಿ ಬಂತು. ಇದ್ರಾಗೆ ಒಂದು ಮಹಲ್‌ದು ತಸ್ಬೀರ್ ಐತೆ. ಹರಿಯಕ್ಕೆ ಮನಸ್ ಬರಲಿಲ್ಲ. ಬೈಂಡು ಹಾಕ್ದೆ. ನೀವೇ ಇಟ್ಕಳ್ಳಿ."

ಹೆಸರಿನ ಹಾಳೆ ಹರಿದುಹೋಗಿತ್ತು. ಬರೆದವರು ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಕಥೆ ಇಷ್ಟು: ಹೊಲಿಗೆ ಮಾಡಿ ಬದುಕುತ್ತಿದ್ದ ಒಬ್ಬ ಅನಾಥ ಹುಡುಗಿ. ದೊಡ್ಡ ಸರೋವರದ ದಡದಲ್ಲಿ ಬಂಗಲೆ ಇರುವ, ಮಾತು ಕಡಮೆಯ ಒಬ್ಬ ಶ್ರೀಮಂತ ಅವಳನ್ನು ಮದುವೆಯಾಗುತ್ತಾನೆ. ಅವನ ಮೊದಲ ಹೆಂಡತಿ ತೀರಿಹೋಗಿದ್ದಾಳೆ. ಮನೆಯಲ್ಲಿ ಒಂದು ಬೀಗ ಹಾಕಿದ ಕೋಣೆ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಸಿಕ್ಕಿಸಿಕೊಂಡು ಓಡಾಡುವ, ಹೊಸ ಹೆಂಡತಿಯ ಜೊತೆ ಒಂದು ಮಾತೂ ಆಡದ ಒಬ್ಬ ಮುದುಕಿ. ಪ್ರತಿದಿನ ಒಂದೇ ಹೊತ್ತಿಗೆ ಎಲ್ಲಿಂದಲೋ ಒಂದು ಗಂಟೆ ಬಾರಿಸುತ್ತದೆ. ಬಾರಿಸುವವರು ಕಾಣುವುದಿಲ್ಲ.

ಮಾಲೂರಿನಲ್ಲಿ ಅದನ್ನು ಹಗಲು ಹೊತ್ತಿನಲ್ಲಿ, ಹೆಂಡತಿಯನ್ನು ಪಕ್ಕದಲ್ಲಿ ಅಕ್ಕಿ ಆರಿಸಲು ಕೂರಿಸಿಕೊಂಡು ಓದಿದೆ. ಶಾಲೆಯ ಗಂಟೆ ಹೊಡೆದರೆ ಮೈ ಜುಂ ಎನ್ನುತ್ತಿತ್ತು.

"ಅದು ಇಂಗ್ಲಿಷ್ ದೆವ್ವ ರೀ, ಅದಕ್ಕೆ ಕನ್ನಡ ಬರಲ್ಲ. ಈ ಕಡೆ ಬರೋದಿಲ್ಲ, ಓದಿ" ಎಂದಳು ನನ್ನವಳು. ಆದರೂ ಅವಳೇ ಮೂರು ದಿನಕ್ಕೆ ಅಕ್ಕಿ ಬಿಟ್ಟು "ಮುಂದೇನಾಯ್ತು ಹೇಳಿ" ಎಂದು ಕೂತಳು. ನಾನು ಅದನ್ನು ಎರಡು ಸಲ ಓದಿ ಮುಗಿಸಿದೆ.

ರಜೆಗೆ ಶ್ರೀನಿವಾಸಪುರದಲ್ಲಿದ್ದ ನಮ್ಮಮ್ಮನ ಮನೆಗೆ ಹೋದಾಗ ಪುಸ್ತಕವೂ ಬಂತು. ಅಲ್ಲಿ ಮಾವಿನಕಾಯಿಯ ಕಾಲ. ಮಧ್ಯಾಹ್ನವಾದರೆ ನಮ್ಮ ಪಡಸಾಲೆಯಲ್ಲಿ ಬೀದಿಯ ಏಳೆಂಟು ಹೆಂಗಸರು ಈಳಿಗೆಮಣೆ ಇಟ್ಟುಕೊಂಡು ಆವಕಾಯಿಗೆ ಹೋಳು ಹೆಚ್ಚಲು ಕೂರುತ್ತಿದ್ದರು. ಪ್ರತಿ ವರ್ಷ ಆ ಹೊತ್ತಿಗೆ ಪುರಾಣ ಓದುತ್ತಿದ್ದವರಿಗೆ ಆ ಸಲ ಗಂಟಲು ಕಟ್ಟಿತ್ತು.

"ಲೇ ಶೀನಾ, ಸುಮ್ನೆ ಕಂಬ ಒರಗಿಕೊಂಡು ಕೂತಿದೀಯಲ್ಲ. ಏನಾದ್ರೂ ಓದಿ ಹೇಳೋ" ಎಂದರು ಅಮ್ಮ.

ಓದಿ ಹೇಳಿದೆ. ಇಂಗ್ಲಿಷಿನಲ್ಲಿ ಒಂದು ಸಾಲು ಕಣ್ಣಾಡಿಸುವುದು, ಕನ್ನಡದಲ್ಲಿ ಎರಡು ಸಾಲು ಹೇಳುವುದು. ಸರೋವರ ಎಂದರೆ ಕೋಲಾರಮ್ಮನ ಕೆರೆಯ ಹತ್ತರಷ್ಟು ಎಂದೆ. ಮಂಜು ಎಂದರೆ ಧನುರ್ಮಾಸದ ಬೆಳಗಿನ ಜಾವ ಎಂದೆ. ಅಷ್ಟು ದೊಡ್ಡ ಮನೆಗೆ ನೀರು ಸೇದುವವರು ಯಾರು ಎಂದು ಒಬ್ಬರು ಕೇಳಿದರು. ಪುಸ್ತಕದಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲ. ಇಬ್ಬರು ಆಳುಗಳನ್ನು ನಾನೇ ನೇಮಿಸಿದೆ.

ಮೊದಲನೆಯ ದಿನವೇ ಪೇಚಿಗೆ ಸಿಕ್ಕಿಕೊಂಡೆ. ಗಂಟೆಯ ಸದ್ದು ಕೇಳಿ ಹುಡುಗಿ ನಡುಗುತ್ತಾ ಎದ್ದು ನಿಲ್ಲುವಲ್ಲಿಗೆ ಪುಸ್ತಕ ಮುಚ್ಚಿದೆ. ಅಮ್ಮ ಈಳಿಗೆಮಣೆಯಿಂದ ಕಾಲು ತೆಗೆದು ಎದ್ದೇಬಿಟ್ಟರು.

"ಏನ್ಲಾ ಇದು? ಅಮಂಗಳದಲ್ಲಿ ನಿಲ್ಲಿಸ್ತೀಯಾ? ಸೀತಮ್ಮನ್ನ ಅಶೋಕವನದಲ್ಲಿ ಅಳ್ತಾ ಬಿಟ್ಟು ಯಾವನಾದ್ರೂ ಪುಸ್ತಕ ಮುಚ್ಚಿದ್ದುಂಟಾ? ಕಥೆ ಎಲ್ಲಿ ನಿಲ್ಲತ್ತೋ ಕೇಳಿದವರ ಗತಿ ಅಲ್ಲೇ ನಿಲ್ಲತ್ತೆ. ಮಂಗಳ ಬರೋವರೆಗೂ ಓದು!"

ನಮ್ಮ ಕಡೆ ಪುರಾಣ ಓದುವವರು ಒಂದು ಒಳ್ಳೆಯ ಸಂಗತಿ ಬರುವವರೆಗೆ ಓದಿಯೇ ಹೊತ್ತಗೆ ಕಟ್ಟುತ್ತಾರೆ. ಮದುವೆ, ಮಗು, ವರ, ಕೊನೆಗೆ ಹೊಟ್ಟೆ ತುಂಬ ಊಟವಾದರೂ ಆದೀತು. ಆದರೆ ಈ ಪುಸ್ತಕದ ಮುನ್ನೂರು ಚಿಲ್ಲರೆ ಪುಟಗಳಲ್ಲಿ ಮಂಗಳ ಇದ್ದದ್ದು ಎರಡು ಕಡೆ: ಒಂದು ಮದುವೆ, ಒಂದು ಬೆಳಗಿನ ಉಪಾಹಾರ. ದಿನಕ್ಕೊಂದು ಮಂಗಳವನ್ನು ನಾನೇ ಹುಟ್ಟಿಸಬೇಕಾಯಿತು. ಒಂದು ದಿನ ಬಂಗಲೆಯ ಹಸು ಕರು ಹಾಕಿತು. ಇನ್ನೊಂದು ದಿನ ಯಾರೋ ದೂರದ ಚಿಕ್ಕಪ್ಪ ಹಣ್ಣಿನ ಬುಟ್ಟಿ ಕಳಿಸಿದ. ಮೂರನೆಯ ದಿನ ಆ ಬಂಗಲೆಯಲ್ಲಿ ಪಾಯಸವನ್ನೂ ಮಾಡಿಸಿದೆ.

ಆ ಮೂರನೆಯ ದಿನವೇ ನಾನು ಮಾಡಿದ ಅನಾಹುತ ನನಗೆ ಹೊಳೆದದ್ದು. ಪಕ್ಕದ ಮನೆಯ ಸುಬ್ಬಮ್ಮ, ಅರ್ಧ ತೆಲುಗು ಅರ್ಧ ಕನ್ನಡದವರು, ಹೆಚ್ಚುವುದನ್ನು ನಿಲ್ಲಿಸಿ ಕೇಳಿದರು. "ಏಮಯ್ಯಾ ಶೀನಪ್ಪಾ, ಈ ಹುಡುಗೀನೂ ಎರಡನೇ ಸಂಬಂಧವೇ ಅಲ್ಲವಾ? ನಮ್ಮ ಪದ್ದಿ ತರಾನೇ?"

ಪದ್ದಿ ನನ್ನ ತೀರಿಹೋದ ಅಕ್ಕನ ಮಗಳು, ಅಜ್ಜಿಯ ಹತ್ತಿರವೇ ಬೆಳೆದವಳು. ಹತ್ತೊಂಬತ್ತು ವರ್ಷ. ಆ ಮಾಘದಲ್ಲಿ ಅವಳನ್ನು ಮುಳಬಾಗಿಲಿನ ಬೆಲ್ಲದ ಮಂಡಿಯ ಶ್ರೀಕಂಠಯ್ಯನಿಗೆ ಕೊಟ್ಟಿದ್ದೆವು. ಒಳ್ಳೆಯವನು, ಮಾತು ಕಡಮೆ. ಮೊದಲ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಮನೆಯಲ್ಲಿ ಇದ್ದದ್ದು ಅವನ ಸೋದರತ್ತೆ ಪಾರ್ವತಮ್ಮ ಒಬ್ಬರೇ. ಸಂಬಂಧ ಕುದುರಿಸಿದವನು ನಾನು. ಕುದುರಿಸಿದ ದಿನದಿಂದ ವಾರಕ್ಕೊಮ್ಮೆ "ಸರಿ ಮಾಡಿದೆನೋ ಇಲ್ಲವೋ" ಎಂದು ಹೆಂಡತಿಯನ್ನು ಕೇಳುತ್ತಿದ್ದವನೂ ನಾನೇ. ಇನ್ನು ಹತ್ತು ದಿನದಲ್ಲಿ ಪದ್ದಿಯನ್ನು ಗಂಡನ ಮನೆಗೆ ಕಳಿಸುವುದಿತ್ತು. ಅವಳ ಮುಂದೆ ಕೂತು ಇಂಥ ಕಥೆ ಹೇಳುತ್ತಿದ್ದೇನೆ! ಈಳಿಗೆಮಣೆಯ ಮೇಲೆ ನನ್ನ ತಲೆಯನ್ನೇ ಇಡಬೇಕು ಅನ್ನಿಸಿತು.

ಅವತ್ತೇ ಪುಸ್ತಕವನ್ನು ಅಟ್ಟದ ರಾಗಿ ವಾಡೆಯೊಳಗೆ ಹುದುಗಿಸಿ, ಕಳೆದುಹೋಯಿತು ಎಂದೆ. ಮರುದಿನ ಮಧ್ಯಾಹ್ನ ಪದ್ದಿ ಪುಸ್ತಕ ಹಿಡಿದುಕೊಂಡು ಇಳಿದು ಬಂದಳು. ಹಾಳೆಗಳ ನಡುವಿನಿಂದ ರಾಗಿ ಉದುರುತ್ತಿತ್ತು.

"ಮಾವ, ರಾಗೀಲಿ ಇಲಿ ಬಿದ್ದಿದೆ ಅಂದ್ಕೊಂಡೆ. ನೋಡಿದ್ರೆ ದೊರೆಸಾನಿ!"

"ಬೇಡ ಕಣೇ ಪದ್ದಿ. ಅದು ಒಳ್ಳೆ ಕಥೆ ಅಲ್ಲ."

"ನಂಗೆ ಭಯ ಆಗತ್ತೆ ಅಂತಾನಾ? ಭಯ ನಿಂಗೆ ಮಾವ. ನಾನು ಸುಮ್ನೆ ಕೇಳ್ತಿದೀನಿ. ಓದು."

ಎಲ್ಲ ಹೆಂಗಸರೂ ಅವಳ ಪಕ್ಷ. ಓದಿದೆ. ಹತ್ತನೆಯ ದಿನಕ್ಕೆ ಕಥೆ ಅದರ ತುತ್ತತುದಿಗೆ ಬಂತು. ಬಂಗಲೆಯ ಹುಡುಗಿಗೆ ಕೊನೆಗೂ ಬೀಗದ ಕೈ ಸಿಕ್ಕಿದೆ. ಆ ಕೋಣೆಯ ಬಾಗಿಲ ಮುಂದೆ ನಿಂತಿದ್ದಾಳೆ. ಅದನ್ನು ಬೀಗದೊಳಗೆ ತೂರಿಸಿದ್ದಾಳೆ. ಅಷ್ಟರಲ್ಲಿ ಬೀದಿಯಿಂದ ನನ್ನ ಹೆಸರು ಕೂಗಿದ ಸದ್ದು. ನಮ್ಮ ಹೆಡ್‌ಮೇಷ್ಟ್ರು ಬಸ್ಸಿನ ಡ್ರೈವರ್ ಕೈಲಿ ಚೀಟಿ ಕಳಿಸಿದ್ದರು. ಕೂಡಲೇ ಬರಬೇಕು, ಪರೀಕ್ಷೆಯ ಪೇಪರುಗಳು ಬಂದಿವೆ ಎಂದು. ಅದೇ ಬಸ್ಸು ಐದು ನಿಮಿಷದಲ್ಲಿ ಹೊರಡುವುದಿತ್ತು. ಕೆಲಸ ಹೋದೀತೆಂಬ ಭಯದಲ್ಲಿ ಪುಸ್ತಕ ಚೀಲಕ್ಕೆ ತುರುಕಿ ಓಡಿದೆ. ಹಿಂದಿನಿಂದ ಅಮ್ಮನ ಕೂಗು ಬಸ್ಸಿನವರೆಗೂ ಕೇಳಿಸಿತು. "ಮಂಗಳ ಹೇಳೋ! ಲೇ! ಬಾಗಿಲಲ್ಲಿ ನಿಲ್ಲಿಸಿ ಹೋಗ್ತಿದೀಯಲ್ಲೋ ಹುಡುಗೀನ!"

ಮೂರು ದಿನ ಬಿಟ್ಟು ಪದ್ದಿ ಮುಳಬಾಗಿಲಿಗೆ ಹೋದಳು. ಕಳಿಸಿಕೊಡಲು ನಾನಿರಲಿಲ್ಲ.

ಮುಂದಿನ ವಾರ ಮಾಲೂರಿಗೆ ಒಂದೇ ಟಪಾಲಿನಲ್ಲಿ ಎರಡು ಕಾರ್ಡು ಬಂದವು. ಒಂದು ಅಮ್ಮ ಯಾರಿಂದಲೋ ಬರೆಸಿದ್ದು: "ಅಮಂಗಳದಲ್ಲಿ ನಿಲ್ಲಿಸಿ ಹೋದೆ. ನನಗೆ ಊಟ ಸೇರುತ್ತಿಲ್ಲ. ಮುಳಬಾಗಿಲಿಗೆ ಹೋಗಿ ಹುಡುಗಿಯ ಮುಂದೆ ಕೂತು ಕಥೆ ಮುಗಿಸಿ ಬಾ." ಇನ್ನೊಂದು ಪದ್ದಿಯದು. ಎರಡೇ ಸಾಲು: "ಮಾವ, ಈ ಮನೆಯಲ್ಲೂ ನಡುಮನೆಯ ಪಕ್ಕ ಒಂದು ಬೀಗ ಹಾಕಿದ ಕೋಣೆ ಇದೆ. ಬೀಗದ ಕೈ ಅತ್ತೆಮ್ಮನ ಸೊಂಟದಲ್ಲಿದೆ. ಪುಸ್ತಕ ತೆಗೆದುಕೊಂಡು ಕೂಡಲೇ ಹೊರಟು ಬಾ."

ಎರಡನ್ನೂ ಓದಿ ಹೇಳಿದಾಗ ಹೆಂಡತಿ ಮೊದಲು ನೀರು, ಆಮೇಲೆ ಚೀಲ ತಂದುಕೊಟ್ಟಳು.

ಭಾನುವಾರ ಬೆಳಿಗ್ಗೆ ಹೊರಟೆ. ಕೋಲಾರದಲ್ಲಿ ಬಸ್ಸು ಬದಲಾಯಿಸಬೇಕು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಮರ್ಯಾದೆಯ ಮಾತು. ದಿಬ್ಬ ಬಂದಾಗಲೆಲ್ಲ ಕಂಡಕ್ಟರ್ ಇಳಿದು ಒಲೆ ತಿರುವಿ ಊದುತ್ತಿದ್ದ, ನಾವು ಇಳಿದು ತಳ್ಳುತ್ತಿದ್ದೆವು. ಪಕ್ಕದಲ್ಲಿದ್ದ ರೈತರೊಬ್ಬರು ನನ್ನ ಮುಖ ನೋಡಿ, "ಯಾರಿಗೆ ಸ್ವಾಮಿ, ಸೀರಿಯಸ್ಸಾ?" ಎಂದು ಕೇಳಿದರು. ಹೌದೆಂದೆ.

ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದು ಒಂದೇ. ಆ ಪುಸ್ತಕದ ಕೊನೆ ಮಂಗಳವಲ್ಲ. ಕೋಣೆಯೊಳಗೆ ಇರುವುದು ಗಂಟೆಯ ಹಗ್ಗ. ಬಾರಿಸುತ್ತಿದ್ದವಳು ಆ ಬೀಗದ ಕೈಯ ಮುದುಕಿ. ಮೊದಲನೆಯ ಯಜಮಾನಿ ಕಾಯಿಲೆಯಲ್ಲಿದ್ದಾಗ ಒಂದು ಮಧ್ಯಾಹ್ನ ಗಂಟೆ ಬಾರಿಸಿ ಕರೆದಿದ್ದಳು. ಕೆಳಗಿದ್ದ ಮುದುಕಿಗೆ ಕೇಳಿಸಿರಲಿಲ್ಲ. ಬಂದು ನೋಡುವಾಗ ಜೀವ ಹೋಗಿತ್ತು. ಅಂದಿನಿಂದ ಪ್ರತಿದಿನ ಅದೇ ಹೊತ್ತಿಗೆ ಅವಳೇ ಅದನ್ನು ಬಾರಿಸಿ ಕೇಳಿಸಿಕೊಳ್ಳುತ್ತಾಳೆ. ಗುಟ್ಟು ಬಯಲಾದ ದಿನ ಮುದುಕಿ ಮಂಜಿನೊಳಗೆ ಸರೋವರದ ಕಡೆ ನಡೆದುಹೋಗುತ್ತಾಳೆ, ಹಿಂದಿರುಗುವುದಿಲ್ಲ. ಇದನ್ನು ಪಾರ್ವತಮ್ಮನವರ ಮನೆಯಲ್ಲಿ ಕೂತು ಹೇಳುವುದು ಹೇಗೆ? ಬಸ್ಸು ಮುಳಬಾಗಿಲು ಸೇರುವಷ್ಟರಲ್ಲಿ ಬೇರೆ ಕೊನೆಯನ್ನು ಹೊಲಿದು ಇಟ್ಟುಕೊಂಡೆ.

ಮನೆ ಹುಡುಕಿಕೊಂಡು ಹೋದರೆ ಜಗಲಿಯ ತುಂಬ ಚಪ್ಪಲಿ. ಸಾವಿನ ಮನೆಯಲ್ಲಲ್ಲದೆ ಇಷ್ಟು ಚಪ್ಪಲಿಯನ್ನು ನಾನು ಎಲ್ಲೂ ಕಂಡಿರಲಿಲ್ಲ. ಚೀಲ ಬಿಸಾಕಿ "ಪದ್ದೀ!" ಎಂದು ಕೂಗುತ್ತಾ ನುಗ್ಗಿದೆ.

ನಡುಮನೆಯಲ್ಲಿ ಹದಿನೈದು ಇಪ್ಪತ್ತು ಹೆಂಗಸರು ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು. ನಡುವೆ ಪದ್ದಿ, ದುಂಡಗೆ, ನಗುತ್ತಾ. ಎದುರಿಗೆ ಎತ್ತರದ, ಒಣಗಿದ, ಬೆಳ್ಳಗಿನ ಕೂದಲಿನ ಪಾರ್ವತಮ್ಮ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಸಾಕ್ಷಾತ್ ಪುಸ್ತಕದಿಂದ ಎದ್ದು ಬಂದಂತೆ. ಅವರು ನೆಟ್ಟಗೆ ಬಂದು ನನ್ನ ಮಣಿಕಟ್ಟು ಹಿಡಿದುಕೊಂಡರು.

"ನೀನೇ ಏನಯ್ಯಾ ಆ ಹುಡುಗೀನ ಬಾಗಿಲಲ್ಲಿ ನಿಲ್ಲಿಸಿ ಓಡಿಹೋದವನು?"

ಆಗ ಗೊತ್ತಾಯಿತು. ಪದ್ದಿ ಬಂದ ಎರಡನೆಯ ದಿನದಿಂದ ಮಧ್ಯಾಹ್ನದ ಹೊತ್ತು ಅತ್ತೆಮ್ಮನಿಗೆ ಕಥೆ ಹೇಳಲು ಶುರು ಮಾಡಿದ್ದಳು. ಅತ್ತೆಮ್ಮನಿಂದ ಪಕ್ಕದ ಮನೆಗೆ, ಅಲ್ಲಿಂದ ಬೀದಿಗೆ ಹಬ್ಬಿತ್ತು. ಕೊನೆಗೆ ಎಲ್ಲರೂ ನಾನು ಬಿಟ್ಟಲ್ಲಿಗೆ, ಅದೇ ಬೀಗದ ಮುಂದೆ, ಬಂದು ನಿಂತಿದ್ದರು.

"ಅದಕ್ಕೆ ಹಾಗೆ ಬರೆಯೋದೇನೇ?" ಎಂದೆ ಪದ್ದಿಗೆ.

"ಹಾಗೆ ಬರೀದೇ ಇದ್ರೆ ನೀನು ಬರ್ತಿದ್ಯಾ ಮಾವ? ಪೇಪರು, ಮಾರ್ಕು, ಬಸ್ಸಲ್ಲಿ ಒಲೆ ಸಿಡಿಯತ್ತೆ ಅಂತಿದ್ದೆ."

ಬಾಗಿಲ ಮರೆಯಲ್ಲಿದ್ದ ಶ್ರೀಕಂಠಯ್ಯ ಮೆಲ್ಲಗೆ ಹತ್ತಿರ ಬಂದ. ಮಂಡಿಗೆ ಹೋಗದೆ ನಿಂತಿದ್ದ. "ಮಾವ, ಆ ಬಂಗಲೆಯವನು ನಾನಲ್ಲ ಅಂತ ಈ ಬೀದಿಗೆ ಸ್ವಲ್ಪ ಹೇಳಿ. ಬೆಲ್ಲ ಕೊಳ್ಳೋಕೆ ಬಂದೋರೂ ನನ್ನನ್ನ ಒಂಥರಾ ನೋಡ್ತಾರೆ."

ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಪದ್ದಿ ನೀರು ಹಾಕುತ್ತಾ ನಗು ನಿಲ್ಲಿಸಿದಳು.

"ಕೋಣೆ ನಿಜವಾಗ್ಲೂ ಇದೆ ಮಾವ. ತಮಾಷೆಗೆ ಬರೆದದ್ದಲ್ಲ. ಅದರ ಮುಂದೆ ಹಾದು ಹೋಗುವಾಗ ಇವರು ಮುಖ ಆ ಕಡೆ ತಿರುಗಿಸ್ಕೊತಾರೆ. ಅತ್ತೆಮ್ಮನ್ನ ಕೇಳೋಕೆ ನಂಗೆ ಧೈರ್ಯ ಇಲ್ಲ. ಮೊದಲ್ನೇ ಹೆಂಡ್ತಿ ಕೋಣೆ ಇರ್ಬೇಕು. ಬಾಳೋ ಮನೇಲಿ ಒಂದು ಬಾಗಿಲಿಗೆ ಹೆದರ್ಕೊಂಡು ಎಷ್ಟು ದಿನ ಇರೋದು?"

ಹತ್ತು ದಿನ ನನಗೆ ಧೈರ್ಯ ಹೇಳಿದ್ದ ಹುಡುಗಿ ಇವಳು. ಎಲ್ಲಾ ಸರಿಹೋಗುತ್ತೆ ಎಂದೆ. ಹೇಗೆ ಎಂದು ನನಗೇ ಗೊತ್ತಿರಲಿಲ್ಲ.

ಊಟದ ನಂತರ ಪುಸ್ತಕ ತೆರೆದೆ. ಹುಡುಗಿ ಬೀಗ ತೆಗೆದಳು. ಹಗ್ಗ ಕಂಡಳು. ಮುದುಕಿ ಬಂದು ನಿಂತಳು. ಅಲ್ಲಿಂದ ಮುಂದೆ ನಾನು ಬಸ್ಸಿನಲ್ಲಿ ಹೊಲಿದದ್ದನ್ನು ಬಿಚ್ಚಿದೆ. ಮುದುಕಿ ನಕ್ಕು ಬೀಗದ ಕೈ ಕೊಟ್ಟಳು, ಹುಡುಗಿ ಕಾಲಿಗೆ ಬಿದ್ದಳು, ಎಲ್ಲರೂ ಸರೋವರದಲ್ಲಿ ಸ್ನಾನ ಮಾಡಿ...

"ನಿಲ್ಲಿಸು" ಎಂದರು ಪಾರ್ವತಮ್ಮ. "ಪುಸ್ತಕದಲ್ಲಿ ಹಂಗಿಲ್ಲ."

"ಇದೆ ಅತ್ತೆಮ್ಮ, ಇಲ್ಲೇ..."

"ಇಷ್ಟೊತ್ತು ಪುಸ್ತಕ ನೋಡ್ತಾ ಹೇಳ್ದೆ. ಈಗ ತೊಲೆ ನೋಡ್ತಾ ಹೇಳ್ತಿದೀಯ. ನಾನೇನು ಸುಳ್ಳು ಕಂಡಿಲ್ವಾ? ಆ ಮುದುಕಿಗೆ ಏನೋ ಕೆಟ್ಟದ್ದಾಗತ್ತೆ, ಈ ಮುದುಕಿ ನೊಂದ್ಕೊತಾಳೆ ಅಂತ ಮುಚ್ಚಿಡ್ತಿದೀಯ. ಅವಳ ಕಥೆ ಅವಳಿಗೆ ಬಿಡು. ಇದ್ದದ್ದು ಇದ್ದಂಗೆ ಓದು."

ಇದ್ದದ್ದು ಇದ್ದಂತೆ ಓದಿದೆ. ಕೇಳಿಸದೆ ಹೋದ ಗಂಟೆಯನ್ನು, ಮಂಜನ್ನು, ದಡದಲ್ಲಿ ಬಿದ್ದಿದ್ದ ಬೀಗದ ಕೈಗಳ ಗೊಂಚಲನ್ನು. ಮುಗಿಸಿದಾಗ ಕಡಲೆಕಾಯಿ ಸುಲಿಯುವ ಸದ್ದು ನಿಂತಿತ್ತು. ನಾನು ಪದ್ದಿಯ ಸಂಸಾರವನ್ನು ಕೈಯಾರೆ ಮುಳುಗಿಸಿದೆ ಎಂದುಕೊಂಡು ತಲೆ ತಗ್ಗಿಸಿ ಕೂತಿದ್ದೆ.

ಪಾರ್ವತಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

"ಪಾಪಿ ಮುಂಡೇದು. ಅಷ್ಟು ವರ್ಷ ಬಾಯಿ ಬಿಡದೆ ಇತ್ತಲ್ಲ. ಹಿಂಗಾಯ್ತು ಕಣೇ ಅಂತ ಒಂದು ಮಾತು ಆ ಹುಡುಗಿ ಹತ್ರ ಹೇಳಿದ್ರೆ ಮುಗೀತಿತ್ತು." ಆಮೇಲೆ ಸೊಂಟದ ಗೊಂಚಲು ತೆಗೆದು ಪದ್ದಿಯ ಮಡಿಲಿಗೆ ಹಾಕಿದರು. "ಎದ್ದೇಳು. ದಿನಾ ಆ ಕೋಣೆ ಕಡೆ ಕಳ್ಳಗಣ್ಣಲ್ಲಿ ನೋಡ್ತೀಯ, ನಂಗೆ ಕಾಣ್ಸಲ್ವಾ? ಹೋಗಿ ತೆಗಿ."

ಇಡೀ ನಡುಮನೆ ಎದ್ದು ಹಿಂದೆ ನಿಂತಿತು. ಪದ್ದಿ ಹಾಕಿ ನೋಡಿದ ಎರಡು ಬೀಗದ ಕೈ ಹೊಂದಲಿಲ್ಲ, ಮೂರನೆಯದು ತಿರುಗಿತು. ನಾನು ಕಣ್ಣು ಮುಚ್ಚಿಕೊಂಡಿದ್ದೆನೆಂದು ಆಮೇಲೆ ಎಲ್ಲರೂ ಹೇಳಿದರು. ನನಗೆ ನೆನಪಿಲ್ಲ.

ಒಳಗೆ ಧೂಳು, ಒಂದು ಕಿಟಕಿ, ಗೋಡೆಗೆ ಒರಗಿಸಿದ್ದ ಒಂದು ಉಯ್ಯಾಲೆಯ ಹಲಗೆ. ಪಕ್ಕದಲ್ಲಿ ಹಿತ್ತಾಳೆ ಸರಪಳಿಗಳು, ಗೋಣಿಚೀಲದಲ್ಲಿ ಸುತ್ತಿಟ್ಟದ್ದು. ಬೇರೇನೂ ಇರಲಿಲ್ಲ.

"ಅವಳಿಗೆ ಇದರ ಮೇಲೆ ಕೂತು ಹಾಡ್ಕೊಳೋದು ಅಂದ್ರೆ ಪ್ರಾಣ" ಎಂದರು ಪಾರ್ವತಮ್ಮ. "ಹೋದ್ಮೇಲೆ ಇವನು ಖಾಲಿ ಉಯ್ಯಾಲೆ ನೋಡಿ ನೋಡಿ ಊಟ ಬಿಟ್ಟ. ಇಳಿಸಿ ಒಳಗಿಟ್ಟು ಬೀಗ ಹಾಕ್ದೆ. ಹೊಸಬಳಿಗೆ ಹೇಳಿದ್ರೆ ನೊಂದ್ಕೊತಾಳೋ ಏನೋ ಅಂತ ಬಾಯಿ ಮುಚ್ಕೊಂಡಿದ್ದೆ. ಇಷ್ಟೇ ಕಣಮ್ಮ."

ಪದ್ದಿ ಹಲಗೆಯ ಮೇಲೆ ಕೈಯಾಡಿಸಿದಳು. ಬೆರಳಿಗೆ ಧೂಳು ಬಂತು. ತಿರುಗಿ ಗಂಡನನ್ನು ನೋಡಿದಳು. ಅವಳು ಅವನ ಜೊತೆ ಎಲ್ಲರೆದುರು ಮಾತಾಡಿದ್ದು ಅದೇ ಮೊದಲಿರಬೇಕು.

"ಹಾಡು ನಂಗೆ ಬರಲ್ಲ. ಉಯ್ಯಾಲೆ ಆಡೋಕೆ ಬರತ್ತೆ. ಕಟ್ಟಿಕೊಡ್ತೀರಾ?"

ಶ್ರೀಕಂಠಯ್ಯ ಪಂಚೆ ಎತ್ತಿ ಕಟ್ಟಿ ಏಣಿ ತರಲು ಹೋದ. ಏಣಿ ಜಾರೀತು ಎಂದು ನಾನು ಕೆಳಗೆ ಹಿಡಿದು ನಿಂತೆ. ತೊಲೆಯ ಕೊಂಡಿಗಳು ತುಕ್ಕು ಹಿಡಿದಿವೆ, ಭಾರ ತಡೆಯಲಾರವು ಎಂದು ನಾಲ್ಕು ಸಲ ಎಚ್ಚರಿಸಿದೆ. ಯಾರೂ ಕೇಳಲಿಲ್ಲ. ಮೊದಲು ಪದ್ದಿ ಕೂತಳು. ಆಮೇಲೆ ಅವಳೇ ಅತ್ತೆಮ್ಮನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಸರಪಳಿ ಕಿರುಗುಟ್ಟಿತು, ಬೀದಿಯ ಹೆಂಗಸರು ಬಿದ್ದು ಬಿದ್ದು ನಕ್ಕರು. ಶ್ರೀಕಂಠಯ್ಯ ಏಣಿಯ ಮೇಲೇ ಕೂತು ನಗುತ್ತಾ ಕಣ್ಣು ಒರೆಸಿಕೊಳ್ಳುತ್ತಿದ್ದ. ಎರಡರಲ್ಲಿ ಯಾವುದು ಹೆಚ್ಚಿತ್ತೋ ನಾನು ಹೇಳಲಾರೆ.

ಇದೇ ಮಂಗಳ ಎಂದುಕೊಂಡು ನಾನು ಪುಸ್ತಕ ಚೀಲಕ್ಕೆ ಹಾಕಿ ಬಸ್ಸಿಗೆ ಹೊರಟೆ. ಪಾರ್ವತಮ್ಮ ಉಯ್ಯಾಲೆಯಿಂದಲೇ ಕೂಗಿದರು. "ಎಲ್ಲಿಗಯ್ಯಾ? ನಾವು ಪದ್ದಿ ಬಾಯಲ್ಲಿ ಕೇಳಿದ್ದು. ಪುಸ್ತಕದ ಬಾಯಲ್ಲಿ ಕೇಳಿಲ್ಲ. ಮೊದಲಿಂದ ಓದು!"

ರಜೆ ಚೀಟಿ ಬರೆದು ನಾಲ್ಕು ದಿನ ಅಲ್ಲೇ ಇದ್ದೆ. ಆ ಕೆಲಸ ಹೋಗಲಿಲ್ಲ. ಹೋಗುತ್ತದೆ ಎಂದು ಚಿಂತಿಸುವುದನ್ನು ಆ ನಾಲ್ಕು ದಿನ ಮರೆತಿದ್ದೆ ಎಂಬುದೇ ನನ್ನ ಜೀವನದ ದೊಡ್ಡ ಸುದ್ದಿ.

ಇದಾಗಿ ಆರು ವರ್ಷ. ಪದ್ದಿಗೆ ಈಗ ಇಬ್ಬರು ಮಕ್ಕಳು. ಪ್ರತಿ ಬೇಸಿಗೆ ನನಗೆ ಮುಳಬಾಗಿಲಿನಿಂದ ಕಾರ್ಡು ಬರುತ್ತದೆ, ಪ್ರತಿ ಬೇಸಿಗೆ ಅದೇ ಕಥೆ. ಪುಟಗಳು ಸಡಿಲವಾಗಿ ಬಾಷಾ ಸಾಹೇಬರು ಎರಡು ಸಲ ಮತ್ತೆ ಬೈಂಡು ಹಾಕಿಕೊಟ್ಟಿದ್ದಾರೆ. ಕೇಳುವವರಿಗೆಲ್ಲ ಈಗ ಅದು ಬಾಯಿಪಾಠ. ಒಂದು ಪುಟ ಹಾರಿಸಿದರೆ "ಮೇಷ್ಟ್ರೇ, ಮೇಣದ ಬತ್ತಿ ಆರಿದ್ದು ಬಿಟ್ರಿ" ಎಂದು ತಿದ್ದುತ್ತಾರೆ. ಒಳ್ಳೆಯ ಕಥೆ ಎಂದರೆ ಮುಂದೇನಾಗುತ್ತದೆ ಎಂಬ ಕುತೂಹಲ ಎಂದು ನಾನು ತರಗತಿಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದವನು. ಅದು ಅಷ್ಟೇ ಅಲ್ಲವೆಂದು ಈ ಹೆಂಗಸರು ನನಗೆ ಕಲಿಸಿದರು. ನನ್ನ ಹಾಗೆ ಒಬ್ಬನೇ ಕೂತು ಪಟ್ಟರೆ ಅದು ಭಯ. ಇಪ್ಪತ್ತು ಜನ ಕಡಲೆಕಾಯಿ ಸುಲಿಯುತ್ತಾ ಒಟ್ಟಿಗೆ ಪಟ್ಟರೆ ಅದು ಹಬ್ಬ.

ಈ ಬೇಸಿಗೆ ಓದಲು ಕೂತಾಗ ಹುಡುಗಿ ಬಂಗಲೆಗೆ ಬಂದಿಳಿಯುವ ಮೊದಲನೆಯ ಪುಟಕ್ಕೇ ಪಾರ್ವತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ತಡೆಯಲಾರದೆ ಕೇಳಿದೆ. "ಅತ್ತೆಮ್ಮ, ಕೊನೆಗೇನಾಗತ್ತೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇನ್ನೂ ಭಯ ಯಾಕೆ?"

"ನಂಗೆ ಗೊತ್ತು ಕಣಪ್ಪ. ಆ ಹುಡುಗಿಗೆ ಗೊತ್ತಿಲ್ಲವಲ್ಲ! ಗುರುತಿಲ್ಲದ ಮನೆ ಮುಂದೆ ಒಬ್ಬಳೇ ಗಾಡಿ ಇಳೀತಾ ಇದ್ದಾಳೆ. ನಾವೆಲ್ಲಾ ಒಂದಿನ ಹಂಗೇ ಇಳಿದವರು ತಾನೇ? ನೀನು ಓದು. ನಾವಾದ್ರೂ ಅವಳ ಜೊತೆಗಿರೋಣ."